ಕೊರಳಿನ ಕ್ಯಾಮೆರಾ, ಜೇಬಿನ ಕ್ಯಾಮೆರಾ

ಯಾವ ಕುಂಟೆ ಒಳ್ಳೆಯದು ಎಂದು ನಮ್ಮ ಕಡೆಯ ರೈತನನ್ನು ಕೇಳಿದರೆ ಆತ ಉತ್ತರ ಹೇಳುವುದಿಲ್ಲ, “ಹೊಲ ಯಾವುದು?” ಎಂದು ತಿರುಗಿ ಕೇಳುತ್ತಾನೆ. ಎರೆ ಹೊಲದ ಮಾತು ಬೇರೆ, ಮಸಾರಿ ಹೊಲದ ಮಾತು ಬೇರೆ. ಸಲಕರಣೆಯ ಗುಣವನ್ನು ಕೆಲಸದಿಂದ ಬೇರ್ಪಡಿಸಿ ಹೇಳಲು ಬರುವುದಿಲ್ಲ ಎಂಬುದು ಆತನಿಗೆ ಚೆನ್ನಾಗಿ ಗೊತ್ತು. ಕ್ಯಾಮೆರಾ ಕೊಳ್ಳಹೊರಟವರು ಮಾತ್ರ ಈ ಪ್ರಶ್ನೆಯನ್ನು ಮರೆಯುತ್ತಾರೆ. ಅಂಗಡಿಗೆ ಹೋಗುತ್ತಾರೆ, ಅಂಕಿಗಳನ್ನು ಓದುತ್ತಾರೆ, ದೊಡ್ಡ ಅಂಕಿ ಯಾವುದರಲ್ಲಿದೆಯೋ ಅದನ್ನು ತರುತ್ತಾರೆ. ಆರು ತಿಂಗಳಾದ ಮೇಲೆ ಅದು ಬೀರುವಿನ ಮೇಲಿನ ಅರೆಯಲ್ಲಿ ವಿಶ್ರಾಂತಿ ಪಡೆಯುತ್ತದೆ.

ಈ ವಿಷಯ ನನ್ನ ಪಾಲಿಗೆ ಬಂದದ್ದಕ್ಕೆ ಕಾರಣವುಂಟು. ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳು ಕೆಲವರು ಕೂಡಿ ಒಂದಿಷ್ಟು ಹಣ ಕೊಟ್ಟರು. ಮಾಯಕೊಂಡದ ಸುತ್ತಿನ ಹಳ್ಳಿಗಳಲ್ಲಿರುವ ವೀರಗಲ್ಲು, ಮಾಸ್ತಿಗಲ್ಲು, ಶಾಸನಗಳ ಚಿತ್ರವನ್ನು ಮಕ್ಕಳ ಕೈಯಿಂದ ತೆಗೆಸಿ ಇಡಿರಿ ಎಂಬುದು ಅವರ ಅಪೇಕ್ಷೆ. ಹಣ ಹೆಚ್ಚಿನದಲ್ಲ. ಹತ್ತು ಹದಿನೈದು ವರ್ಷ ಹಳೆಯದಾದ, ಕೈ ಬದಲಿಸಿದ ಡಿಎಸ್‌ಎಲ್‌ಆರ್ ಕ್ಯಾಮೆರಾ ಒಂದನ್ನು ಕೊಳ್ಳಬಹುದು. ಇಲ್ಲವೆ ಜೇಬಿನಲ್ಲಿ ಅಡಗುವ ಕಾಂಪ್ಯಾಕ್ಟ್ ಕ್ಯಾಮೆರಾ ಒಂದನ್ನು ಕೊಳ್ಳಬಹುದು. ಅಧ್ಯಾಪಕರ ಕೊಠಡಿಯಲ್ಲಿ ಎರಡು ಪಕ್ಷಗಳಾದವು. ವಿಜ್ಞಾನದ ಮೇಷ್ಟ್ರು ದೊಡ್ಡದರ ಪಕ್ಷ, ವ್ಯಾಯಾಮದ ಮೇಷ್ಟ್ರು ಚಿಕ್ಕದರ ಪಕ್ಷ. ಕೊನೆಗೆ ಇಬ್ಬರೂ ನನ್ನ ಕಡೆ ನೋಡಿದರು. ಕನ್ನಡ ಪಂಡಿತನಿಗೂ ಕ್ಯಾಮೆರಾಕ್ಕೂ ಏನು ನಂಟು ಎಂದು ನೀವು ಕೇಳಬಹುದು. ಚಿತ್ರ ಬಂದ ಮೇಲೆ ಅದರೊಳಗಿನ ಅಕ್ಷರವನ್ನು ಓದಬೇಕಾದವನು ನಾನು. ಅಕ್ಷರ ಮೂಡದಿದ್ದರೆ ಚಿತ್ರ ಎಷ್ಟು ಅಂದವಾಗಿದ್ದರೂ ನನಗೆ ಅದರಿಂದ ಉಪಯೋಗವಿಲ್ಲ. ಆದುದರಿಂದ ಈ ಎರಡು ಯಂತ್ರಗಳ ಗುಣದೋಷಗಳನ್ನು ಸ್ವಲ್ಪ ಕೂಲಂಕಷವಾಗಿಯೇ ವಿಚಾರಿಸಬೇಕಾಯಿತು. ಅದನ್ನೇ ಈಗ ನಿಮ್ಮ ಮುಂದಿಡುತ್ತೇನೆ.

ಮೊದಲು ಇವೆರಡರ ಒಳಗನ್ನು ನೋಡೋಣ. ಡಿಎಸ್‌ಎಲ್‌ಆರ್ ಎಂಬ ಉದ್ದನೆಯ ಹೆಸರಿನ ತಿರುಳು ಒಂದು ಕನ್ನಡಿ. ಮಸೂರದ ಮೂಲಕ ಬಂದ ಬೆಳಕು ಓರೆಯಾಗಿ ನಿಂತ ಕನ್ನಡಿಗೆ ತಾಗಿ ಮೇಲಕ್ಕೆ ತಿರುಗುತ್ತದೆ. ಅಲ್ಲಿಂದ ಪಟ್ಟಕದೊಳಗೆ ಹಾಯ್ದು ನಮ್ಮ ಕಣ್ಣಿಗೆ ಬೀಳುತ್ತದೆ. ಗುಂಡಿಯನ್ನು ಒತ್ತಿದ ಕ್ಷಣ ಕನ್ನಡಿ ‘ಟಪ್’ ಎಂದು ಮೇಲಕ್ಕೇಳುತ್ತದೆ, ಬೆಳಕು ನೇರವಾಗಿ ಹಿಂದಿರುವ ಬಿಂಬಗ್ರಾಹಿ ಫಲಕದ ಮೇಲೆ ಬೀಳುತ್ತದೆ. ಇದನ್ನೇ ಸೆನ್ಸರ್ ಎನ್ನುತ್ತಾರೆ. ಹಿಂದಿನ ಕಾಲದ ಫಿಲ್ಮಿನ ಜಾಗದಲ್ಲಿ ಕುಳಿತಿರುವುದು ಇದೇ. ಕಾಂಪ್ಯಾಕ್ಟಿನಲ್ಲಿ ಕನ್ನಡಿಯಿಲ್ಲ, ಬಿಚ್ಚಿ ಬದಲಾಯಿಸುವ ಮಸೂರವಿಲ್ಲ. ಫಲಕದ ಮೇಲೆ ಬಿದ್ದ ಬಿಂಬವನ್ನು ಹಿಂಬದಿಯ ಪುಟ್ಟ ಪರದೆಯಲ್ಲಿ ನೋಡಿಕೊಂಡು ಚಿತ್ರ ತೆಗೆಯುವುದು. ಇಷ್ಟೇ ವ್ಯತ್ಯಾಸ, ಮಿಕ್ಕಿದ್ದೆಲ್ಲ ಇದರಿಂದ ಹುಟ್ಟಿದ್ದು.

ಮಾತು ಗಾಳಿಯಲ್ಲಿ ತೇಲದಿರಲೆಂದು ಎರಡು ನಿದರ್ಶನಗಳನ್ನು ಹಿಡಿಯೋಣ. ಹಳೆಯ ಡಿಎಸ್‌ಎಲ್‌ಆರ್‌ಗೆ 2008ರಲ್ಲಿ ಬಂದ ನಿಕಾನ್ ಡಿ90. ಜೇಬಿನ ಕ್ಯಾಮೆರಾಕ್ಕೆ 2012ರಲ್ಲಿ ಬಂದ ಸೋನಿ ಆರ್‌ಎಕ್ಸ್100. ಮೊದಲನೆಯದರ ಒಡಲೊಂದೇ 620 ಗ್ರಾಂ. ಮಸೂರ ಕೂಡಿದರೆ ಒಂದು ಕಿಲೋದ ಆಸುಪಾಸು. ಎರಡನೆಯದು ಬ್ಯಾಟರಿ ಸಹಿತ 240 ಗ್ರಾಂ, ಅಂಗಿಯ ಜೇಬಿಗೆ ಕೊಂಚ ಭಾರವಾದರೂ ಇಳಿಯುತ್ತದೆ. ಚಿತ್ರದ ಬಿಂದುಗಳ ಲೆಕ್ಕದಲ್ಲಿ ಡಿ90ಗೆ 12.3 ಮೆಗಾಪಿಕ್ಸೆಲ್, ಆರ್‌ಎಕ್ಸ್100ಗೆ 20.2. ಅಂಕಿಯಿಂದಲೇ ತೀರ್ಪು ಹೇಳುವುದಾದರೆ ಚಿಕ್ಕದು ಗೆದ್ದಿತು, ನಾವು ಮನೆಗೆ ಹೋಗಬಹುದು.

ಆದರೆ ನಮ್ಮ ಕೆಲಸಕ್ಕೆ ಎಷ್ಟು ಬಿಂದು ಬೇಕು? ನಾಲ್ಕು ಅಡಿ ಎತ್ತರದ ಒಂದು ಶಾಸನದ ಕಲ್ಲನ್ನು ಚೌಕಟ್ಟಿನ ಉದ್ದಕ್ಕೂ ತುಂಬಿಸಿ ಡಿ90ಯಲ್ಲಿ ಚಿತ್ರ ತೆಗೆದರೆ, ಉದ್ದದಲ್ಲಿರುವ 4288 ಬಿಂದುಗಳು ಕಲ್ಲಿನ ಒಂದೊಂದು ಮಿಲಿಮೀಟರಿಗೆ ಮೂರೂವರೆಯಂತೆ ಹಂಚಿಕೆಯಾಗುತ್ತವೆ. ಒಂದು ಅಂಗುಲದ ಅಕ್ಷರಕ್ಕೆ ಸುಮಾರು 90 ಬಿಂದು ಬರುತ್ತದೆ. ಒತ್ತಿದೆಯೋ ಇಲ್ಲವೋ, ದೀರ್ಘವೋ ಹ್ರಸ್ವವೋ ಎಂದು ತಿಳಿಯಲು ಇದು ಧಾರಾಳವಾಯಿತು. 12 ಮೆಗಾಪಿಕ್ಸೆಲ್ಲಿನ ಚಿತ್ರವನ್ನು ಎ4 ಹಾಳೆಗಿಂತ ದೊಡ್ಡದಾಗಿ ಅಚ್ಚು ಹಾಕಿದರೂ ಕೆಡುವುದಿಲ್ಲ. ಆದ್ದರಿಂದ ಮೆಗಾಪಿಕ್ಸೆಲ್ಲಿನ ಜಗಳವನ್ನು ಇಲ್ಲಿಗೇ ಬಿಡೋಣ.

ನಿಜವಾದ ಪ್ರಶ್ನೆ ಬೆಳಕಿನದು. ಮಳೆ ಬರುವಾಗ ಅಂಗಳದಲ್ಲಿ ಒಂದು ಲೋಟ, ಒಂದು ಚೊಂಬು, ಒಂದು ಕೊಳಗ ಇಟ್ಟರೆ ಬಾಯಿ ಅಗಲವಿದ್ದದ್ದರಲ್ಲಿ ನೀರು ಹೆಚ್ಚು ಬೀಳುತ್ತದೆ. ಬಿಂಬಗ್ರಾಹಿ ಫಲಕಕ್ಕೂ ಇದೇ ನ್ಯಾಯ. ಡಿ90ಯ ಫಲಕ 23.6 ಮಿಲಿಮೀಟರ್ ಉದ್ದ, 15.8 ಮಿಲಿಮೀಟರ್ ಅಗಲ. ಅಂದರೆ ಸುಮಾರು 370 ಚದರ ಮಿಲಿಮೀಟರ್. ಆರ್‌ಎಕ್ಸ್100ರದು 13.2ಕ್ಕೆ 8.8, ಸುಮಾರು 116 ಚದರ ಮಿಲಿಮೀಟರ್. ಸಾಮಾನ್ಯವಾದ ಅಗ್ಗದ ಕಾಂಪ್ಯಾಕ್ಟುಗಳದು ಇನ್ನೂ ಸಣ್ಣದು, 28 ಚದರ ಮಿಲಿಮೀಟರ್ ಮಾತ್ರ. ಕೊಳಗ, ಚೊಂಬು, ಲೋಟ ಎಂದೆನಲ್ಲ, ಹಾಗೆ. ಹಗಲಿನಲ್ಲಿ ಬಯಲಿನಲ್ಲಿ ನಿಂತರೆ ಲೋಟವೂ ತುಂಬಿ ಹರಿಯುತ್ತದೆ. ಆಗ ಮೂರರ ಚಿತ್ರವನ್ನೂ ಪಕ್ಕಪಕ್ಕದಲ್ಲಿಟ್ಟರೆ ಬೇರೆ ಮಾಡಿ ಹೇಳುವುದು ಕಷ್ಟ. ಕತ್ತಲಿನಲ್ಲಿ ಭೇದ ಹೊರಬೀಳುತ್ತದೆ.

ಹರಿಹರೇಶ್ವರನ ದೇವಾಲಯಕ್ಕೆ ಹೋದವರಿಗೆ ಈ ಕತ್ತಲಿನ ಪರಿಚಯವಿದ್ದೇ ಇದೆ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು 1224ರಲ್ಲಿ ಕಟ್ಟಿಸಿದ ಗುಡಿ ಅದು. ಹೊರಗಿನ ಬಿಸಿಲಿನಿಂದ ಒಳಗೆ ಕಾಲಿಟ್ಟರೆ ಕಂಬಗಳು ಕಣ್ಣಿಗೆ ಹತ್ತಲು ಒಂದು ನಿಮಿಷ ಬೇಕು. ಇಂಥ ಕಡೆ ಲೋಟದ ಕ್ಯಾಮೆರಾ ಬೆಳಕಿಲ್ಲದೆ ಚಡಪಡಿಸುತ್ತದೆ. ಚಿತ್ರದ ತುಂಬ ರವೆ ಚೆಲ್ಲಿದಂತೆ ಕಾಳುಕಾಳಾಗುತ್ತದೆ. ಕಂಬದ ನುಣುಪು ಹೋಗಿ ಗೋಣಿತಾಟಿನ ಹಾಗೆ ಕಾಣುತ್ತದೆ. ದೊಡ್ಡ ಫಲಕಕ್ಕೆ ಈ ತೊಂದರೆ ಕಡಿಮೆ.

ಇಲ್ಲಿಗೆ ವಿಜ್ಞಾನದ ಮೇಷ್ಟ್ರ ಪಕ್ಷ ಗೆದ್ದಿತೆಂದು ತೋರಬಹುದು. ಆದರೆ ಕೊಳಗಕ್ಕೆ ನೀರು ತರುವ ಹರಿನಾಳಿಗೆಯ ಮಾತೂ ಉಂಟಲ್ಲ! ಅದೇ ಮಸೂರ. ಡಿಎಸ್‌ಎಲ್‌ಆರ್ ಜೊತೆಗೆ ಸಾಮಾನ್ಯವಾಗಿ ಬರುವ ಮಸೂರದ ಬಾಯಿ ಕಿರಿದು. ಅದನ್ನು ಎಫ್ 3.5 ಎಂದು ಬರೆದಿರುತ್ತಾರೆ. ಆರ್‌ಎಕ್ಸ್100ರ ಮಸೂರ ಅಗಲ ನೋಟದಲ್ಲಿ ಎಫ್ 1.8. ಈ ಅಂಕಿ ಕಡಿಮೆಯಾದಷ್ಟೂ ಬಾಯಿ ದೊಡ್ಡದು ಎಂಬುದನ್ನು ನೆನಪಿಡಬೇಕು. ಈ ಎರಡಕ್ಕೆ ಬೆಳಕಿನಲ್ಲಿ ಹೆಚ್ಚು ಕಡಿಮೆ ನಾಲ್ಕು ಪಟ್ಟು ಅಂತರ. ಫಲಕದಲ್ಲಿ ಡಿ90 ಮೂರು ಪಟ್ಟು ಮುಂದಿತ್ತು. ಮಸೂರದಲ್ಲಿ ಅಷ್ಟನ್ನೂ ಬಿಟ್ಟುಕೊಟ್ಟಿತು. ಗುಡಿಯೊಳಗೆ ಅಗಲ ನೋಟದ ಚಿತ್ರದಲ್ಲಿ ಹಳೆಯ ದೊಡ್ಡದೂ ಒಳ್ಳೆಯ ಚಿಕ್ಕದೂ ಸಮಸಮ ಎಂದಾಯಿತು. ದೂರದ್ದನ್ನು ಹತ್ತಿರಕ್ಕೆ ಎಳೆದಾಗ ಚಿಕ್ಕದರ ಬಾಯಿಯೂ ಎಫ್ 4.9ಕ್ಕೆ ಕಿರಿದಾಗುತ್ತದೆ, ಆಗ ಮತ್ತೆ ದೊಡ್ಡದು ಮುಂದಾಗುತ್ತದೆ.

ದೊಡ್ಡದಕ್ಕೆ ಇರುವ ಅನುಕೂಲವೆಂದರೆ ಮಸೂರವನ್ನು ಬದಲಾಯಿಸಬಹುದು. ಎಫ್ 1.8ರ ಐವತ್ತು ಮಿಲಿಮೀಟರಿನ ಮಸೂರ ಅಗ್ಗವಾಗಿ ಸಿಗುತ್ತದೆ. ಅದನ್ನು ಹಾಕಿದರೆ ಡಿ90ಗೆ ಫಲಕದ ಲಾಭ, ಬಾಯಿಯ ಲಾಭ ಎರಡೂ ಸೇರುತ್ತವೆ. ನಿಕಾನಿನವರು ಮಸೂರ ಕೂಡಿಸುವ ಕಟ್ಟನ್ನು 1959ರಿಂದ ಉಳಿಸಿಕೊಂಡು ಬಂದರು. ಕ್ಯಾನನ್ನಿನವರು ತಮ್ಮದನ್ನು 1987ರಿಂದ. ಹೀಗಾಗಿ ತಂದೆಯ ಕಾಲದ ಮಸೂರ ಮಗನ ಕ್ಯಾಮೆರಾಕ್ಕೆ ಕೂರುವುದುಂಟು. ಒಂದು ಎಚ್ಚರಿಕೆ ಬೇಕು. ಹಳೆಯ ನಿಕಾನ್ ಮಸೂರಗಳಿಗೆ ತಾನಾಗಿ ಸ್ಫುಟಗೊಳಿಸಿಕೊಳ್ಳುವ ಮೋಟಾರು ಒಳಗಿಲ್ಲ. ಅದು ಡಿ90ಯಂಥ ಒಡಲಿನಲ್ಲಿದೆ, 2010ರ ಡಿ3100ರಂಥ ಅಗ್ಗದ ಒಡಲುಗಳಲ್ಲಿಲ್ಲ. ಕೊಳ್ಳುವ ಮುನ್ನ ಕೇಳಿಕೊಳ್ಳಬೇಕಾದ ಸಂಗತಿಯಿದು.

ಕಲ್ಲಿನ ಕೆಲಸಕ್ಕೆ ಇನ್ನೊಂದು ವಿಶೇಷವುಂಟು. ಸವೆದ ಶಾಸನವನ್ನು ಮಟಮಟ ಮಧ್ಯಾಹ್ನ ನೋಡಿದರೆ ಬರೀ ಬಂಡೆ. ಅದೇ ಕಲ್ಲನ್ನು ಬೆಳಗಿನ ಇಲ್ಲವೆ ಸಂಜೆಯ ಓರೆ ಬಿಸಿಲಿನಲ್ಲಿ ನೋಡಿದರೆ ಪ್ರತಿ ಅಕ್ಷರದ ಗೀರಿನಲ್ಲೂ ನೆರಳು ನಿಂತು ಸಾಲುಸಾಲಾಗಿ ಮೇಲೇಳುತ್ತದೆ. ಬಿಸಿಲು ತಾಗದ ಕಲ್ಲಿಗೆ ಮುಸ್ಸಂಜೆಯಲ್ಲಿ ಪಕ್ಕದಿಂದ ಟಾರ್ಚು ಹಿಡಿದು, ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೆ ನಿಲ್ಲಿಸಿ, ಒಂದೆರಡು ಸೆಕೆಂಡು ಬೆಳಕು ಕುಡಿಸಿದರೆ ಸಾಕು. ಇದನ್ನು ಎರಡು ಕ್ಯಾಮೆರಾಗಳೂ ಮಾಡಬಲ್ಲವು. ಅಕ್ಷರ ಕಾಣಲೆಂದು ಸೀಮೆಸುಣ್ಣ ಬಳಿಯುವ, ಎಣ್ಣೆ ಸವರುವ ಪದ್ಧತಿ ಮಾತ್ರ ಕೂಡದು. ನಾವು ಓದಹೊರಟ ಕಲ್ಲನ್ನು ನಾವೇ ಕೆಡಿಸಿದಂತಾಗುತ್ತದೆ. ಬಿಸಿಲಿನಲ್ಲಿ ನಿಂತು ಕೆಲಸ ಮಾಡುವಾಗ ಕಾಂಪ್ಯಾಕ್ಟಿನ ಹಿಂಬದಿಯ ಪರದೆ ಮಂಕಾಗಿ ಏನೂ ಕಾಣುವುದಿಲ್ಲ. ಡಿಎಸ್‌ಎಲ್‌ಆರ್‌ಗೆ ಕಣ್ಣಿಟ್ಟರೆ ಕಲ್ಲು ಕಲ್ಲಾಗಿಯೇ ಕಾಣುತ್ತದೆ. ಪರದೆಯನ್ನು ಉರಿಸಬೇಕಾಗಿಲ್ಲದ ಕಾರಣ ಬ್ಯಾಟರಿಯೂ ಬಾಳುತ್ತದೆ. ತಯಾರಕರ ಲೆಕ್ಕದಂತೆ ಡಿ90 ಒಮ್ಮೆ ತುಂಬಿಸಿದ ಬ್ಯಾಟರಿಯಲ್ಲಿ 850 ಚಿತ್ರ ತೆಗೆದರೆ ಆರ್‌ಎಕ್ಸ್100 ತೆಗೆಯುವುದು 330. ಕರೆಂಟು ಯಾವಾಗ ಬರುತ್ತದೆಂದು ಹೇಳಲಾಗದ ಊರಿನಲ್ಲಿ ಇದು ಸಣ್ಣ ಮಾತಲ್ಲ.

ಇನ್ನು ಚಿಕ್ಕದರ ಪರವಾಗಿ ಹೇಳಬೇಕಾದದ್ದನ್ನು ಹೇಳೋಣ. ಮನೆಗಳ ಅಟ್ಟದಲ್ಲಿರುವ ಓಲೆಗರಿ, ಕಡತ, ಹಳೆಯ ಪತ್ರಗಳನ್ನು ಚಿತ್ರಿಸಬೇಕಾದಾಗ ಅದು ಐದು ಸೆಂಟಿಮೀಟರ್ ಹತ್ತಿರಕ್ಕೆ ಹೋಗಿ ನೋಡಬಲ್ಲದು. ಫಲಕ ಸಣ್ಣದಾದ್ದರಿಂದ ಹಿಂದು ಮುಂದು ಸೊಟ್ಟಗಿರುವ ಗರಿಯೂ ಪೂರ್ತಿ ಸ್ಫುಟವಾಗಿ ಬರುತ್ತದೆ. ಎರಡನೆಯದಾಗಿ, ಅದಕ್ಕೆ ಜನ ಹೆದರುವುದಿಲ್ಲ. ಬೀಸುವ ಪದ ಹೇಳುವ ಅಜ್ಜಿಯ ಮುಂದೆ ಕೊಳವೆಯಂಥ ಮಸೂರ ಹಿಡಿದು ನಿಂತರೆ ಆಕೆ ಸೆರಗು ಸರಿಮಾಡಿಕೊಂಡು ಮೌನವಾಗುತ್ತಾಳೆ. “ಏನವ್ವಾ, ಇದೊಂದ್ಸಲ ಹೇಳ್ತೀಯಾ?” ಎಂದು ಜೇಬಿನಿಂದ ಪುಟ್ಟದನ್ನು ತೆಗೆದರೆ ಆಕೆಯ ಪದವೂ ಮುಖವೂ ಇದ್ದಂತೆಯೇ ಸಿಗುತ್ತವೆ. ಚಲಿಸುವ ಚಿತ್ರ ತೆಗೆದ ಮೊದಲ ಡಿಎಸ್‌ಎಲ್‌ಆರ್ ಎಂಬ ಹೆಗ್ಗಳಿಕೆ ಡಿ90ಗಿದ್ದರೂ, ಆ ಕೆಲಸದಲ್ಲಿ ನಾಲ್ಕು ವರ್ಷ ಕಿರಿಯದಾದ ಕಾಂಪ್ಯಾಕ್ಟೇ ಮೇಲು. ಮೂರನೆಯದು ಎಲ್ಲಕ್ಕಿಂತ ದೊಡ್ಡದು: ಅದು ನಮ್ಮ ಜೊತೆಯಲ್ಲಿರುತ್ತದೆ. ಸಂತೆಗೆ ಹೋಗುವಾಗ, ಮದುವೆಗೆ ಹೋಗುವಾಗ, ರೈಲಿಗೆ ಕಾಯುವಾಗ ಯಾರು ಒಂದು ಕಿಲೋ ಭಾರವನ್ನು ಕೊರಳಿಗೆ ಕಟ್ಟಿಕೊಳ್ಳುತ್ತಾರೆ? 1925ರಲ್ಲಿ ಜರ್ಮನಿಯಿಂದ ಲೈಕಾ ಎಂಬ ಪುಟ್ಟ ಕ್ಯಾಮೆರಾ ಬಂದ ಮೇಲೆ ಬೀದಿಯ ಬದುಕು ಚಿತ್ರಕ್ಕೆ ಇಳಿದದ್ದು ಈ ಗುಣದಿಂದಲೇ.

ದೂಳಿನ ವಿಷಯದಲ್ಲಿ ಎರಡಕ್ಕೂ ಕಷ್ಟವಿದೆ. ನಮ್ಮ ಬಯಲುಸೀಮೆಯ ಗಾಳಿಗಾಲದಲ್ಲಿ ಹೊಲದ ಬದುವಿನ ಮೇಲೆ ನಿಂತು ಮಸೂರ ಬದಲಾಯಿಸಿದರೆ ಫಲಕದ ಮೇಲೆ ದೂಳು ಕೂರುತ್ತದೆ. ಆದರೆ ಅದನ್ನು ಊದಿ ಒರೆಸಿ ತೆಗೆಯಬಹುದು. ಕಾಂಪ್ಯಾಕ್ಟಿನ ಕೊಳವೆ ಹೊರಬಂದು ಒಳಹೋಗುವಾಗ ದೂಳನ್ನೂ ಎಳೆದುಕೊಳ್ಳುತ್ತದೆ. ಒಳಗೆ ಸೇರಿದ ಮೇಲೆ ಪೂರ್ತಿ ಬಿಚ್ಚದೆ ಗತಿಯಿಲ್ಲ. ಬಿಚ್ಚಬಲ್ಲ ಕುಶಲಿಗಳು ಎಲ್ಲ ಊರಿನಲ್ಲೂ ಸಿಗುವುದಿಲ್ಲ.

“ಇದೆಲ್ಲ ಏಕೆ ಸಾರ್, ಮೊಬೈಲ್ ಇಲ್ಲವೆ?” ಎಂದು ನಮ್ಮ ಹತ್ತನೆಯ ತರಗತಿಯ ಹುಡುಗನೊಬ್ಬ ಕೇಳಿದ. ಕೇಳಬೇಕಾದ ಪ್ರಶ್ನೆಯೇ. ಲೋಟದಷ್ಟು ಫಲಕವುಳ್ಳ ಅಗ್ಗದ ಕಾಂಪ್ಯಾಕ್ಟನ್ನು ಮೊಬೈಲ್ ಫೋನು ನುಂಗಿಬಿಟ್ಟಿದೆ ಎಂಬುದು ಸತ್ಯ. 2010ರಲ್ಲಿ ಲೋಕದಲ್ಲಿ ವರ್ಷಕ್ಕೆ ಸುಮಾರು 12 ಕೋಟಿ ಡಿಜಿಟಲ್ ಕ್ಯಾಮೆರಾಗಳು ತಯಾರಕರಿಂದ ಹೊರಟವು, ಬಹುಪಾಲು ಕಾಂಪ್ಯಾಕ್ಟುಗಳೇ. 2023ರ ಹೊತ್ತಿಗೆ ಎಲ್ಲ ಬಗೆಯವೂ ಸೇರಿ ಒಂದು ಕೋಟಿಯನ್ನೂ ಮುಟ್ಟಲಿಲ್ಲ. ಆದ್ದರಿಂದ ಅಂಥ ಅಗ್ಗದ ಕಾಂಪ್ಯಾಕ್ಟಿಗೆ ಹಣ ಹಾಕಬೇಡಿ. ಕೈಯಲ್ಲಿರುವ ಫೋನೇ ಅಷ್ಟು ಕೆಲಸ ಮಾಡುತ್ತದೆ. ಕೊಂಡರೆ ಚೊಂಬಿನಷ್ಟಾದರೂ ಫಲಕವಿರುವುದನ್ನು ಕೊಳ್ಳಬೇಕು. ಫೋನು ತನ್ನ ಬುದ್ಧಿಯಿಂದ ಚಿತ್ರವನ್ನು ತಿದ್ದಿ ನುಣುಪು ಮಾಡುತ್ತದೆ ಎಂಬುದನ್ನೂ ಮರೆಯಬಾರದು. ಮುಖಕ್ಕೆ ಅದು ಚೆಂದ. ಸವೆದ ಅಕ್ಷರದ ಗೀರನ್ನೇ ಕಲ್ಲಿನ ಒರಟೆಂದು ತಿಳಿದು ಒರೆಸಿಹಾಕಿದರೆ ಓದುವವನ ಗತಿಯೇನು? ಡಿಎಸ್‌ಎಲ್‌ಆರ್ ಮತ್ತು ಒಳ್ಳೆಯ ಕಾಂಪ್ಯಾಕ್ಟುಗಳಲ್ಲಿ ‘ರಾ’ ಎಂಬ ಹಸಿ ರೂಪದಲ್ಲಿ, ತಿದ್ದದೆ, ಚಿತ್ರವನ್ನು ಉಳಿಸಿಕೊಳ್ಳಬಹುದು.

ಹಾಗಾದರೆ ತೀರ್ಪು? ಒಬ್ಬನೇ ತಿರುಗುವವನಿಗೆ, ಮುನ್ಸೂಚನೆಯಿಲ್ಲದೆ ಎದುರಾದದ್ದನ್ನು ಹಿಡಿಯಬೇಕಾದವನಿಗೆ, ಜನರ ನಡುವೆ ಕುಳಿತು ಕೇಳುವವನಿಗೆ ಒಳ್ಳೆಯ ಕಾಂಪ್ಯಾಕ್ಟೇ ಸರಿ. ಬೆಲೆ ಕೊಂಚ ಹೆಚ್ಚಾದರೂ ಸರಿಯೇ. ನಮ್ಮ ಶಾಲೆಗೆ ನಾನು ಹೇಳಿದ್ದು ಹಳೆಯ ಡಿಎಸ್‌ಎಲ್‌ಆರ್, ಒಂದು ಐವತ್ತರ ಮಸೂರ, ಒಂದು ಗಟ್ಟಿ ಮುಕ್ಕಾಲಿ. ಶಾಲೆಯ ಕೆಲಸ ಗೊತ್ತುಮಾಡಿಕೊಂಡು ಹೊರಡುವ ಕೆಲಸ. ಶನಿವಾರ ಬೆಳಿಗ್ಗೆ ಇಂಥ ಹಳ್ಳಿಯ ಇಂಥ ಕಲ್ಲು ಎಂದು ನಿಶ್ಚಯಿಸಿ ಹತ್ತು ಮಕ್ಕಳು ಹೋಗುತ್ತಾರೆ. ಹೊರುವುದಕ್ಕೆ ಹೆಗಲುಗಳಿಗೆ ಕೊರತೆಯಿಲ್ಲ. ಕಲ್ಲು ಎಲ್ಲಿಗೂ ಓಡುವುದಿಲ್ಲ. ಎರಡು ಗಂಟೆ ನಿಂತು ಮಾಡಬಹುದು. ಬೆಳಕು, ಬಾಯಿ, ಕಾಲಾವಧಿ ಇವು ಮೂರರ ಸಂಬಂಧವನ್ನು ಮಕ್ಕಳು ಕೈಯಿಂದ ತಿರುಗಿಸಿ ಕಲಿಯುತ್ತಾರೆ. ಒಂದು ಭಾಗ ಕೆಟ್ಟರೆ ಆ ಭಾಗವನ್ನು ಮಾತ್ರ ಬದಲಾಯಿಸಬಹುದು. ಅದೇ ಕ್ಯಾಮೆರಾ ಕ್ರೀಡಾದಿನದಲ್ಲಿ ಓಟದ ಹುಡುಗಿ ಗೆರೆ ಮುಟ್ಟುವ ಕ್ಷಣವನ್ನೂ ತಪ್ಪದೆ ಹಿಡಿಯುತ್ತದೆ ಎಂದಾಗ ವ್ಯಾಯಾಮದ ಮೇಷ್ಟ್ರೂ ಒಪ್ಪಿದರು.

ಕೈ ಬದಲಿಸಿದ ಕ್ಯಾಮೆರಾ ಕೊಳ್ಳುವಾಗ ಎತ್ತಿನ ಹಲ್ಲು ನೋಡುವಂತೆ ನೋಡಬೇಕು. ಅದು ಈವರೆಗೆ ಎಷ್ಟು ಚಿತ್ರ ತೆಗೆದಿದೆಯೆಂಬ ಲೆಕ್ಕ ನಿಕಾನಿನ ಚಿತ್ರಗಳಲ್ಲಿಯೇ ಅಡಗಿರುತ್ತದೆ. ಡಿ90ಯ ಕವಾಟವನ್ನು ಒಂದು ಲಕ್ಷ ಸಲಕ್ಕೆ ಪರೀಕ್ಷಿಸಿದ್ದಾರೆ. ಮಸೂರವನ್ನು ಟಾರ್ಚಿನ ಬೆಳಕಿಗೆ ಹಿಡಿದು ಒಳಗೆ ಬೂಸಲು ಹಬ್ಬಿದೆಯೆ ನೋಡಿ. ಬಾಯಿ ಕಿರಿದುಮಾಡಿ ಬಿಳಿ ಗೋಡೆಯ ಚಿತ್ರ ತೆಗೆದರೆ ಫಲಕದ ಕಲೆಗಳು ಕಾಣುತ್ತವೆ. ತೀರ ಹಳೆಯ ಕೆಲವು ಕ್ಯಾಮೆರಾಗಳಿಗೆ ಈಗ ಸುಲಭವಾಗಿ ದೊರೆಯದ ದಪ್ಪನೆಯ ಕಾರ್ಡು ಬೇಕು. 2007ರ ಕ್ಯಾನನ್ 40ಡಿ ಅಂಥದು. ಡಿ90ಗೆ ಸಾಮಾನ್ಯ ಎಸ್‌ಡಿ ಕಾರ್ಡು ಸಾಕು.

ಇಷ್ಟೆಲ್ಲ ತರ್ಕ ಏಕೆಂದರೆ, ಕಲ್ಲುಗಳಿಗೆ ಹೆಚ್ಚು ಸಮಯವಿಲ್ಲ. ನಮ್ಮ ಊರಿನ ಹೆಸರು ಇತಿಹಾಸದಲ್ಲಿ ಬರುವುದು 1748ರ ಸುಮಾರಿನ ಯುದ್ಧದಿಂದ. ಚಿತ್ರದುರ್ಗದ ಮದಕರಿ ನಾಯಕನು ಮಡಿದದ್ದು ಇಲ್ಲಿ. ಆಗ ಛಾಯಾಚಿತ್ರವೇ ಹುಟ್ಟಿರಲಿಲ್ಲ. ಅದು ಲೋಕಕ್ಕೆ ಪ್ರಕಟವಾದದ್ದು 1839ರಲ್ಲಿ. ಹರಿಹರ ಪುಣ್ಯ ಮಾಡಿತ್ತು. 1850ರ ದಶಕದಲ್ಲಿಯೇ ಮುಂಬಯಿ ಪ್ರಾಂತ್ಯದ ವೈದ್ಯ ಪಿಗೂ ಎಂಬಾತ ಆ ಕಾಲದ ಭಾರಿ ಕ್ಯಾಮೆರಾ ಹೊತ್ತು ಬಂದು ಅಲ್ಲಿನ ದೇವಾಲಯದ ಚಿತ್ರ ತೆಗೆದ. ಧಾರವಾಡ ಮೈಸೂರುಗಳ ವಾಸ್ತುಶಿಲ್ಪವನ್ನು ಕುರಿತ ಗ್ರಂಥ 1866ರಲ್ಲಿ ಲಂಡನ್ನಿನಲ್ಲಿ ಅಚ್ಚಾದಾಗ ಅವನ ಚಿತ್ರಗಳು ಅದರಲ್ಲಿ ಸೇರಿದವು. ಮುಂದೆ ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕದ ಹನ್ನೊಂದನೆಯ ಸಂಪುಟದಲ್ಲಿ ಚಿತ್ರದುರ್ಗ ಜಿಲ್ಲೆಯ ಶಾಸನಗಳನ್ನು ಪ್ರಕಟಿಸಿದಾಗ ದಾವಣಗೆರೆ ತಾಲ್ಲೂಕು ಅದರೊಳಗಿತ್ತು. ಹಳ್ಳಿಯ ಬೇಲಿಯ ಮಗ್ಗುಲಿನ ಸಣ್ಣ ವೀರಗಲ್ಲಿಗೆ ಇಂಥ ಭಾಗ್ಯವಿಲ್ಲ. ಕೆಳಗಿನ ಹಂತದಲ್ಲಿ ಕಾದುವ ವೀರ, ನಡುವೆ ಅವನನ್ನು ಒಯ್ಯುವ ಅಪ್ಸರೆಯರು, ಮೇಲೆ ಕೈಲಾಸ. ಅದರ ಮೇಲೆ ಯಾರೋ ಬಟ್ಟೆ ಒಗೆಯುತ್ತಾರೆ, ಯಾರೋ ಭಕ್ತಿಯಿಂದಲೇ ಎಣ್ಣೆಬಣ್ಣ ಬಳಿಯುತ್ತಾರೆ, ರಸ್ತೆ ಅಗಲವಾದಾಗ ಯಂತ್ರ ಬಂದು ಪಕ್ಕಕ್ಕೆ ತಳ್ಳುತ್ತದೆ.

ಆದ್ದರಿಂದ ಕ್ಯಾಮೆರಾ ಯಾವುದಾದರೂ ಬರಲಿ, ಬಂದ ಮೇಲೆ ಮಾಡಬೇಕಾದ ಮೂರು ಕೆಲಸಗಳನ್ನು ಮಕ್ಕಳ ಪುಸ್ತಕದಲ್ಲಿ ಮೊದಲೇ ಬರೆಸಿದ್ದೇನೆ. ಕಲ್ಲಿನ ಪಕ್ಕದಲ್ಲಿ ಅಡಿಕೋಲು ಇಟ್ಟೇ ಚಿತ್ರ ತೆಗೆಯುವುದು. ಊರು, ಜಾಗ, ದಿನಾಂಕ, ಕಲ್ಲು ಮುಖ ಮಾಡಿದ ದಿಕ್ಕು, ಜಾಗದ ಯಜಮಾನರು ಹೇಳಿದ ಕಥೆ ಇವನ್ನು ಅಲ್ಲಿಯೇ ನಿಂತು ಬರೆದುಕೊಳ್ಳುವುದು. ಸಂಜೆಯೊಳಗೆ ಚಿತ್ರಗಳನ್ನು ಎರಡು ಬೇರೆ ಬೇರೆ ಕಡೆ ಪ್ರತಿ ಮಾಡಿಡುವುದು. ಯಾವ ಊರಿನ ಕಲ್ಲೆಂದು ತಿಳಿಯದ ಚಿತ್ರ, ಸ್ಫುಟವಾಗಿದ್ದರೂ ಅನಾಥ. ಈ ಮೂರು ಕೆಲಸಗಳಿಗೆ ಹಣ ಬೇಡ, ಹೊಸ ಯಂತ್ರವೂ ಬೇಡ. ನಿಮ್ಮ ಊರಿನಲ್ಲಿಯೂ ಒಂದು ಕಲ್ಲಿದ್ದರೆ, ಕೈಯಲ್ಲಿರುವ ಕ್ಯಾಮೆರಾದಿಂದಲೇ ನಾಳೆ ಬೆಳಗಿನ ಓರೆ ಬಿಸಿಲಿನಲ್ಲಿ ಪ್ರಾರಂಭಿಸಬಹುದು.